ಅಪ್‌ಡೇಟ್: ನಾಲೆ ಏರಿ ರಸ್ತೆಗೆ ಜಿಮ್ನಿನೇ ತಗೊಂಡೆ

ಪಾಂಡವಪುರದ ಹತ್ತಿರ ನಮ್ಮ ಗದ್ದೆಗೆ ನಾಲೆ ಏರಿ ಮೇಲೆ ಹೋಗಬೇಕು, ಮಳೆಗಾಲದಲ್ಲಿ ಕೆಸರು. ನಾಲ್ಕೂ ಚಕ್ರಕ್ಕೆ ಎಳೆತ ಕೊಡಬಲ್ಲ ಮಾರುತಿ ಜಿಮ್ನಿ ಬೇಕಾ, ಮಾಮೂಲಿ ಎಸ್‌ಯುವಿ ಸಾಕಾ ಅಂತ ಇಲ್ಲಿ ಹಿಂದೆ ಕೇಳಿದ್ದೆ. ಜಿಮ್ನಿ ಮ್ಯಾನ್ಯುವಲ್ ತಗೊಂಡೆ. ಒಂದು ಮಳೆಗಾಲ ಪೂರ್ತಿ ಓಡಿಸಿದ್ದೇನೆ, ತುಂಬಾ ಖುಷಿಯಾಗಿದ್ದೇನೆ.

ಕಬ್ಬಿನ ಟ್ರ್ಯಾಕ್ಟರ್‌ಗಳು ಓಡಾಡಿ ದಾರಿಯಲ್ಲಿ ಆಳವಾದ ಚಕ್ರದ ಗುರುತು ಬಿದ್ದಿರುತ್ತೆ. ಅಲ್ಲಿ 4ಎಲ್ (ನಾಲ್ಕೂ ಚಕ್ರಕ್ಕೆ ಎಳೆತ, ವೇಗ ಕಮ್ಮಿ, ಬಲ ಜಾಸ್ತಿ) ಹಾಕಿ ನಿಧಾನಕ್ಕೆ ಬಿಟ್ಟರೆ ಸಾಕು, ಆಕ್ಸಿಲರೇಟರ್ ಜಾಸ್ತಿ ಒತ್ತದೆ ಎದ್ದು ಬರುತ್ತೆ. ಒಂದು ಚಕ್ರ ಸುಮ್ನೆ ತಿರುಗಿದರೆ ಗಾಡಿ ಅದಕ್ಕೆ ಮಾತ್ರ ಬ್ರೇಕ್ ಹಿಡಿದು, ಎಳೆತವನ್ನು ಆಚೆ ಬದಿಯ ಚಕ್ರಕ್ಕೆ ಕೊಡುತ್ತೆ. ಗ್ರೌಂಡ್ ಕ್ಲಿಯರೆನ್ಸ್ 210 ಮಿಲಿಮೀಟರ್, ಇದುವರೆಗೆ ತಳ ತಾಗಿಲ್ಲ. ಅಗಲ 1,645 ಮಿಲಿಮೀಟರ್ ಅಷ್ಟೇ. ಏರಿ ಮೇಲೆ ಎದುರಿಗೆ ಎತ್ತಿನಗಾಡಿ ಬಂದಾಗ ಇದರ ಬೆಲೆ ಗೊತ್ತಾಗುತ್ತೆ, ಅಲ್ವಾ?

ಒಣ ಟಾರ್ ರಸ್ತೆಯಲ್ಲಿ 4ಎಚ್ (ಮಾಮೂಲಿ ವೇಗದಲ್ಲೇ ನಾಲ್ಕೂ ಚಕ್ರಕ್ಕೆ ಎಳೆತ) ಹಾಕಬೇಡಿ ಅಂತ ಒಬ್ಬರು ಹೇಳಿದ್ದರು. ಅವರಿಗೆ ವಿಶೇಷ ಥ್ಯಾಂಕ್ಸ್. ಇದರಲ್ಲಿ ಸೆಂಟರ್ ಡಿಫರೆನ್ಷಿಯಲ್, ಅಂದ್ರೆ ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡುವ ಗೇರು ಜೋಡಣೆ, ಇಲ್ಲ. ತಿರುವಿನಲ್ಲಿ ಅವು ಹಾಗೆ ತಿರುಗಲೇಬೇಕು, 4ಎಚ್‌ನಲ್ಲಿ ಅದಕ್ಕೆ ಆಸ್ಪದ ಇಲ್ಲ. ಗಟ್ಟಿ ನೆಲದಲ್ಲಿ ಆ ಒತ್ತಡವೆಲ್ಲ ಗೇರು, ಆಕ್ಸಲ್ ಮೇಲೆ ಬೀಳುತ್ತೆ. ಮೈಸೂರಿಗೆ ಹೋಗುವಾಗ ನಾನು 2ಎಚ್ (ಹಿಂದಿನ ಎರಡು ಚಕ್ರಕ್ಕೆ ಮಾತ್ರ ಎಳೆತ) ಬಿಟ್ಟು ಬೇರೇನೂ ಮುಟ್ಟಲ್ಲ.

ಇದರಲ್ಲಿ ನಾಲ್ಕೇ ಸೀಟು. ಹಿಂದಿನ ಸೀಟು ಮಡಚದೆ ಇದ್ದರೆ ಡಿಕ್ಕಿ ಜಾಗ 208 ಲೀಟರ್ ಅಷ್ಟೇ, ಎರಡು ಗೊಬ್ಬರದ ಮೂಟೆ ಇಡಬೇಕಂದ್ರೂ ನಾನು ಸೀಟು ಮಡಚುತ್ತೇನೆ. ಮನೇಲಿ ಐದು ಜನ ಒಟ್ಟಿಗೆ ಓಡಾಡೋರು ದಯವಿಟ್ಟು ಬೇರೆ ಗಾಡಿ ನೋಡಿ. ನಮ್ಮ ಹಾಗೆ ಕೆಸರಿನ ದಾರಿ ಇರೋರು ಮಾತ್ರ ಧೈರ್ಯವಾಗಿ ತಗೊಳ್ಳಿ.