ಸಹಾಯ ಬೇಕು: ಸ್ಕೇಲಿಂಗ್ ಅಭ್ಯಾಸಕ್ಕೆ ಕಿತ್ತ ಹಲ್ಲುಗಳು (ಹಾಸನ)

ಹಾಸನ ಜಿಲ್ಲೆಯಲ್ಲಿ ಕ್ಲಿನಿಕ್ ಇಟ್ಟಿರುವ ಡಾಕ್ಟರುಗಳಲ್ಲಿ ವಿನಂತಿ. ಡೆಂಟಲ್ ಹೈಜೀನಿಸ್ಟ್ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಸ್ಕೇಲಿಂಗ್, ಅಂದರೆ ಹಲ್ಲಿಗೆ ಅಂಟಿ ಗಟ್ಟಿಯಾದ ಗಾರೆಯನ್ನು ಕೆರೆದು ತೆಗೆಯೋದನ್ನು ಅಭ್ಯಾಸ ಮಾಡಲು ಕಿತ್ತ ಹಲ್ಲುಗಳು ಬೇಕು, ಬೇರಿನ ಮೇಲೆ ಗಾರೆ ಕಟ್ಟಿದ ದವಡೆ ಹಲ್ಲಾದರೆ ಇನ್ನೂ ಒಳ್ಳೆಯದು. ಪ್ಲಾಸ್ಟಿಕ್ ಹಲ್ಲಿನ ಮೇಲೆ ಎಷ್ಟು ಎಳೆದರೂ ನಿಜವಾದ ಗಾರೆ ಏಳುವ ಹದ ಬೆರಳಿಗೆ ಗೊತ್ತಾಗಲ್ಲ.

ರೋಗಿಯ ಒಪ್ಪಿಗೆ ಕೇಳಿಯೇ ತೆಗೆದಿಡಿ. ರಕ್ತ, ಮಾಂಸದ ಚೂರು ತೊಳೆದು ನೀರಿರುವ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಒಣಗಿದರೆ ಹಲ್ಲು ಪೆಡಸಾಗಿ ಬಿರುಕು ಬಿಡುತ್ತೆ. ಅಮಾಲ್ಗಮ್ (ಪಾದರಸ ಬೆರೆತ ಲೋಹದ ಫಿಲ್ಲಿಂಗ್) ತುಂಬಿದ ಹಲ್ಲು ದಯವಿಟ್ಟು ಬೇರೆ ಡಬ್ಬಿಯಲ್ಲಿರಲಿ, ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ) ಬಿಸಿಗೆ ಪಾದರಸದ ಆವಿ ಬರುತ್ತೆ. ಅವನ್ನು ಕ್ರಿಮಿ ಸಾಯಲು 10% ಫಾರ್ಮಲಿನ್ ದ್ರಾವಣದಲ್ಲಿ 2 ವಾರ ನೆನೆಹಾಕುತ್ತೇವೆ. ಉಳಿದವಕ್ಕೆ 40 ನಿಮಿಷ ಆಟೋಕ್ಲೇವ್.

ಕ್ಯುರೆಟ್ (ಗಾರೆ ಕೆರೆಯುವ ಕೈ ಉಪಕರಣ) ಸಾಣೆ ಹಿಡಿಯೋದನ್ನು ಎದುರು ಕೂತು ತೋರಿಸುವವರೂ ಬೇಕು. ಗ್ರೇಸಿ ಅನ್ನುವ ಬಗೆಯ ಕ್ಯುರೆಟ್‌ಗೆ ಒಂದೇ ಅಂಚು ಹರಿತ, ಸಾಣೆ ಕಲ್ಲು ಅಲಗಿನ ಮುಖಕ್ಕೆ 100ರಿಂದ 110 ಡಿಗ್ರಿ ಇರಬೇಕು. 13-14 ನಂಬರಿನ ಗ್ರೇಸಿಯ ಬಾಗಿದ ಅಲಗಿನಲ್ಲೇ ಕೈ ತಪ್ಪೋದು: ದುಂಡಗಿರಬೇಕಾದ ತುದಿ ಚೂಪಾಗಿ ವಸಡು ಗೀರುತ್ತೆ. ಮೊಂಡು ಅಲಗು ಅದಕ್ಕಿಂತ ಕೆಟ್ಟದ್ದು. ಗಾರೆ ಏಳದೆ ಮೇಲೆ ಮಾತ್ರ ನುಣುಪಾಗಿ, ಆಮೇಲೆ ಎಕ್ಸ್‌ಪ್ಲೋರರ್‌ಗೂ (ಗಾರೆ ತಡವಿ ಹುಡುಕುವ ಸಣ್ಣ ಕಡ್ಡಿ) ಸಿಗಲ್ಲ.

ಅರಸೀಕೆರೆ, ಬೇಲೂರು, ಹೊಳೆನರಸೀಪುರ ಎಲ್ಲಾದರೂ ಸರಿ, ನಾವೇ ಬಂದು ತೆಗೆದುಕೊಂಡು ಹೋಗುತ್ತೇವೆ.