ಹೊಸ ಸರ್ವರ್‌ಗೆ ಬಂದ ಮೇಲೆ ಹಳೇ ಕನ್ನಡ ಬರಹಗಳೆಲ್ಲ ಗಜಿಬಿಜಿ, ರಾತ್ರಿ ಡೇಟಾಬೇಸ್ ಬೇರೆ ನಿಲ್ಲುತ್ತಿದೆ

ಸಂಪಿಗೆಮರ:

ಎಲ್ಲರಿಗೂ ನಮಸ್ಕಾರ. 2006ರಿಂದ ವರ್ಡ್‌ಪ್ರೆಸ್‌ನಲ್ಲಿ ಕನ್ನಡ ಬ್ಲಾಗ್ ನಡೆಸುತ್ತಿದ್ದೇನೆ. ನಮ್ಮ ಕಡೆಯ ಮಳೆ ನಕ್ಷತ್ರದ ಗಾದೆಗಳು, ಅಜ್ಜಿ ಮಾಡುತ್ತಿದ್ದ ಅಡುಗೆ, ಇಂಥವೇ ಜಾಸ್ತಿ. ಇಷ್ಟು ವರ್ಷ ಒಂದು ಶೇರ್ಡ್ ಹೋಸ್ಟಿಂಗ್‌ನಲ್ಲಿತ್ತು. ಬಾಡಿಗೆ ಏರುತ್ತಲೇ ಹೋಯಿತು, ಹಾಗಾಗಿ 1 ಜಿಬಿ ರ‍್ಯಾಮ್‌ನ ಸಣ್ಣ ವಿಪಿಎಸ್ (ಬಾಡಿಗೆಗೆ ಸಿಗುವ ಸ್ವಂತ ವರ್ಚುವಲ್ ಸರ್ವರ್) ತೆಗೆದುಕೊಂಡು, ಉಬುಂಟು, ವೆಬ್ ಸರ್ವರ್ ಆಗಿ ಎಂಜಿನ್‌ಎಕ್ಸ್, ಡೇಟಾಬೇಸ್‌ಗೆ ಮೈಎಸ್‌ಕ್ಯುಎಲ್ 8 ಹಾಕಿ, ಹಳೇ ಡೇಟಾಬೇಸಿನ ಡಂಪ್ (ಪೂರ್ತಿ ನಕಲಿನ ಫೈಲ್) ತಂದು ಏರಿಸಿದೆ.

ಈಗ ಎರಡು ತೊಂದರೆ. ಒಂದು, ಹಳೇ ಬರಹಗಳಲ್ಲಿ ಕನ್ನಡದ ಜಾಗದಲ್ಲಿ ತಲೆ ಮೇಲೆ ಗೀಟು ಇರುವ ಇಂಗ್ಲಿಷ್ 'ಎ', ಸಣ್ಣ '2', ಚುಕ್ಕೆ, ಹೀಗೆ ಏನೇನೋ ಕಾಣುತ್ತಿದೆ. ಇಂಗ್ಲಿಷ್ ಸಾಲುಗಳು ಚೆನ್ನಾಗಿಯೇ ಇವೆ. ವಿಚಿತ್ರ ಅಂದರೆ ಬರಹದ ಲಿಂಕ್‌ನಲ್ಲಿರುವ ಕನ್ನಡ ಸರಿಯಾಗಿದೆ, ಒಳಗಿನ ಶೀರ್ಷಿಕೆ ಮಾತ್ರ ಹಾಳಾಗಿದೆ. ಇಲ್ಲಿಗೆ ಬಂದ ಮೇಲೆ ಬರೆದ ಕೆಲವು ಬರಹಗಳಲ್ಲಂತೂ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು.

ಎರಡನೆಯದು, ಆಗಾಗ ರಾತ್ರಿ ಹೊತ್ತು ಡೇಟಾಬೇಸ್ ಸಂಪರ್ಕ ಸಿಗುತ್ತಿಲ್ಲ ಅಂತ ಪುಟ ಬರುತ್ತದೆ. ಬೆಳಿಗ್ಗೆ ಮೈಎಸ್‌ಕ್ಯುಎಲ್ ಮರುಚಾಲನೆ ಮಾಡಿದರೆ ಸರಿಹೋಗುತ್ತದೆ.

ಟೇಬಲ್‌ಗಳನ್ನೆಲ್ಲ ಯುಟಿಎಫ್8ಎಂಬಿ4ಗೆ (ಎಲ್ಲ ಭಾಷೆಯ ಅಕ್ಷರಗಳನ್ನೂ ಹಿಡಿಯುವ ಯುಟಿಎಫ್-8 ಎನ್‌ಕೋಡಿಂಗ್) ಕನ್ವರ್ಟ್ ಮಾಡುವ ಒಂದು ಸಾಲಿನ ಕಮಾಂಡ್ ಇದೆ, ಅದನ್ನು ಓಡಿಸಿ ಅಂತ ಒಬ್ಬರು ಹೇಳಿದರು. ಓಡಿಸಲಾ? ಇನ್ನೂ ಕೈ ಹಾಕಿಲ್ಲ. ಅಜ್ಜಿ ಈಗಿಲ್ಲ, ಅವರು ಹೇಳಿದ್ದು ಉಳಿದಿರುವುದು ಈ ಬರಹಗಳಲ್ಲಿ ಮಾತ್ರ. ದಯವಿಟ್ಟು ಸಹಾಯ ಮಾಡಿ.

ಬೈಟು ಕಾಫಿ:

ಆ ಕಮಾಂಡ್ ಖಂಡಿತ ಓಡಿಸಬೇಡಿ! ಓಡಿಸಿದರೆ ಈಗ ಕಾಣುತ್ತಿರುವ ಗಜಿಬಿಜಿಯೇ ಅಸಲಿ ಅಕ್ಷರ ಅಂತ ಡೇಟಾಬೇಸ್ ನಂಬಿಕೊಂಡು, ಅದನ್ನೇ ಮತ್ತೊಮ್ಮೆ ಎನ್‌ಕೋಡ್ ಮಾಡಿ ಇಡುತ್ತದೆ. ಬಿಡಿಸಬಹುದು, ಆದರೆ ಗಂಟು ಇನ್ನೂ ಬಿಗಿಯಾಗುತ್ತದೆ.

2006 ಅಂದಿರಲ್ಲ, ಅಲ್ಲೇ ಸುಳಿವಿದೆ. ವರ್ಡ್‌ಪ್ರೆಸ್‌ನ ಕಾನ್ಫಿಗ್ ಫೈಲ್‌ಗೆ 'ಡಿಬಿ ಚಾರ್‌ಸೆಟ್' ಸಾಲು (ಡೇಟಾಬೇಸ್ ಜೊತೆ ಯಾವ ಎನ್‌ಕೋಡಿಂಗ್ ಬಳಸಬೇಕು ಅಂತ ಹೇಳುವುದು) ಬಂದಿದ್ದು 2007ರ 2.2 ಆವೃತ್ತಿಯಲ್ಲಿ. ಅದಕ್ಕೂ ಮುಂಚೆ ಶುರುವಾದ ಬ್ಲಾಗ್‌ಗಳ ಟೇಬಲ್‌ಗಳು ಸಾಮಾನ್ಯವಾಗಿ ಲ್ಯಾಟಿನ್1, ಅಂದರೆ ಒಂದು ಬೈಟಿಗೆ ಒಂದೇ ಅಕ್ಷರ ಇರುವ ಪಶ್ಚಿಮ ಯುರೋಪಿನ ಪಟ್ಟಿ. ಕನ್ನಡದ ಯುಟಿಎಫ್-8 ಬೈಟ್‌ಗಳು ಅದರೊಳಗೆ ಹಾಗೇ ಹೋಗಿ ಕೂತಿರುತ್ತವೆ. ಡಬ್ಬದ ಮೇಲೆ ಸಕ್ಕರೆ ಅಂತ ಚೀಟಿ, ಒಳಗೆ ಉಪ್ಪು. ಹಾಕುವವರಿಗೂ ತೆಗೆಯುವವರಿಗೂ ಅದು ಗೊತ್ತಿದ್ದರೆ ಸಾರು ಕೆಡುವುದಿಲ್ಲ. ನಿಮ್ಮ ಹಳೇ ಸರ್ವರ್‌ನಲ್ಲಿ ಬರೆಯುವಾಗಲೂ ಓದುವಾಗಲೂ ಲ್ಯಾಟಿನ್1 ಅಂತಲೇ ನಡೆಯುತ್ತಿತ್ತು, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಮೈಎಸ್‌ಕ್ಯುಎಲ್ 5.7ರ ತನಕ ಡೀಫಾಲ್ಟ್ ಅದೇ ಇತ್ತು, 2018ರ 8.0ದಲ್ಲಿ ಯುಟಿಎಫ್8ಎಂಬಿ4 ಆಯಿತು. ಹೊಸ ಸರ್ವರ್ ಚೀಟಿಯನ್ನು ನಂಬಿ, ಪ್ರತಿ ಬೈಟನ್ನೂ ಒಂದೊಂದು ಲ್ಯಾಟಿನ್ ಅಕ್ಷರ ಅಂದುಕೊಂಡು ಪರಿವರ್ತಿಸಿ ಕೊಡುತ್ತಿದೆ. ಕನ್ನಡದ ಒಂದು 'ಕ' ಮೂರು ಬೈಟ್, ಅದಕ್ಕೇ ಒಂದರ ಜಾಗದಲ್ಲಿ ಮೂರು ಚಿಹ್ನೆ.

ಲಿಂಕ್ ಯಾಕೆ ಸರಿಯಾಗಿದೆ ಅಂದರೆ, ಅದು ಡೇಟಾಬೇಸ್‌ನಲ್ಲಿ ಶೇಕಡಾ ಚಿಹ್ನೆ ಮತ್ತು ಅಂಕಿ-ಅಕ್ಷರಗಳ ರೂಪದಲ್ಲಿರುತ್ತದೆ. ಎಲ್ಲ ಬರೀ ಆಸ್ಕಿ (ಮೂಲ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳು), ಕೆಡುವುದಕ್ಕೆ ಅಲ್ಲಿ ಏನೂ ಇಲ್ಲ.

ಮೊದಲು ಪೂರ್ತಿ ಡಂಪ್ ತೆಗೆದು ಬೇರೆ ಕಡೆ ಇಡಿ. ಆಮೇಲೆ ಕಾನ್ಫಿಗ್ ಫೈಲ್‌ನಲ್ಲಿ ಡಿಬಿ ಚಾರ್‌ಸೆಟ್ ಸಾಲು ಇದೆಯಾ ನೋಡಿ. ಹಾಗೇ ಪೋಸ್ಟ್ ಟೇಬಲ್‌ನಿಂದ ಒಂದು ಹಳೇ ಶೀರ್ಷಿಕೆ, ಒಂದು ಹೊಸ ಶೀರ್ಷಿಕೆ ತೆಗೆದು ಒಳಗಿನ ಬೈಟ್‌ಗಳನ್ನೇ ತೋರಿಸುವ 'ಹೆಕ್ಸ್' ಫಂಕ್ಷನ್ ಹಾಕಿ ಓದಿ. ಏನು ಬರುತ್ತದೆ ಅಂತ ಇಲ್ಲಿ ಹಾಕಿ. ಕಣ್ಣಿಗೆ ಕಾಣುವುದನ್ನು ನಂಬಬೇಡಿ, ಬೈಟ್ ನೋಡಬೇಕು.

ಸಂಪಿಗೆಮರ:

ಕಾನ್ಫಿಗ್‌ನಲ್ಲಿ ಆ ಸಾಲೇ ಇಲ್ಲ. ಹಳೇ ಶೀರ್ಷಿಕೆ 'ಕಳಲೆ ಪಲ್ಯ', ಅದರ ಹೆಕ್ಸ್ ಶುರುವಾಗುವುದು ಇ0 ಬಿ2 95 ಅಂತ. ಹೊಸದರಲ್ಲಿ ಬರೀ 3ಎಫ್ 3ಎಫ್ 3ಎಫ್. ಟೇಬಲ್ ಲ್ಯಾಟಿನ್1 ಅಂತಲೇ ತೋರಿಸುತ್ತಿದೆ.

ಬೈಟು ಕಾಫಿ:

ಒಳ್ಳೇ ಸುದ್ದಿ. ಇ0 ಬಿ2 95 ಅಂದರೆ ಅಪ್ಪಟ 'ಕ'. ಅಜ್ಜಿಯ ಬರಹಗಳು ಪೂರ್ತಿ ಇವೆ, ಒಂದು ಬೈಟೂ ಹೋಗಿಲ್ಲ. ಎರಡು ಸಲ ಎನ್‌ಕೋಡ್ ಆಗಿದ್ದರೆ ಸಿ3 ಎ0 ಅಂತ ಶುರುವಾಗುತ್ತಿತ್ತು.

3ಎಫ್ ಅಂದರೆ ಮಾತ್ರ ನಿಜವಾದ ಪ್ರಶ್ನಾರ್ಥಕ ಚಿಹ್ನೆ. ಕನ್ನಡವನ್ನು ಲ್ಯಾಟಿನ್1ಗೆ ಹೊಂದಿಸಲಾಗದೆ ಮೈಎಸ್‌ಕ್ಯುಎಲ್ ಹಾಕಿಬಿಟ್ಟಿದ್ದು. ಅಸಲಿ ಅಕ್ಷರ ಡೇಟಾಬೇಸ್‌ನಲ್ಲಿ ಇಲ್ಲವೇ ಇಲ್ಲ, ಯಾವ ಕಮಾಂಡಿನಿಂದಲೂ ಬರುವುದಿಲ್ಲ. ಆ ಬರಹಗಳ ಕರಡು ಬೇರೆಲ್ಲಾದರೂ ಇದ್ದರೆ ಅಲ್ಲಿಂದಲೇ ತರಬೇಕು.

ಈಗಲೇ ಮಾಡಬೇಕಾದ ಕೆಲಸ: ಕಾನ್ಫಿಗ್‌ನಲ್ಲಿ ಡಿಬಿ ಚಾರ್‌ಸೆಟ್ ಅನ್ನು ಲ್ಯಾಟಿನ್1 ಅಂತ ಬರೆಯಿರಿ. ಬ್ಲಾಗ್ ಮೊದಲಿನಂತೆ ಕಾಣಬೇಕು, ಹೊಸದಾಗಿ ಬರೆದದ್ದೂ ಪ್ರಶ್ನಾರ್ಥಕ ಆಗಬಾರದು. ಇದು ತಾತ್ಕಾಲಿಕ, ಆದರೆ ಇವತ್ತು ನೆಮ್ಮದಿಯಾಗಿ ಮಲಗಬಹುದು.

ಶಾಶ್ವತಕ್ಕೆ ಕನ್ನಡ ಇರುವ ಪ್ರತಿ ಕಾಲಂ ಅನ್ನೂ ಎರಡು ಹೆಜ್ಜೆಯಲ್ಲಿ ಬದಲಿಸಬೇಕು. ಮೊದಲು ಬೈನರಿ ಬಗೆಗೆ, ಆಮೇಲೆ ಯುಟಿಎಫ್8ಎಂಬಿ4 ಪಠ್ಯಕ್ಕೆ. ಲಾಂಗ್‌ಟೆಕ್ಸ್ಟ್ ಇದ್ದರೆ ಲಾಂಗ್‌ಬ್ಲಾಬ್ ಮಾಡಿ ಮತ್ತೆ ಲಾಂಗ್‌ಟೆಕ್ಸ್ಟ್, ವಾರ್‌ಚಾರ್ ಇದ್ದರೆ ವಾರ್‌ಬೈನರಿ ಮಾಡಿ ಮತ್ತೆ ವಾರ್‌ಚಾರ್. ಬೈನರಿಗೆ ಯಾವ ಚೀಟಿಯೂ ಇರುವುದಿಲ್ಲ, ಹಾಗಾಗಿ ಮೈಎಸ್‌ಕ್ಯುಎಲ್ ಬೈಟ್‌ಗಳನ್ನು ಮುಟ್ಟುವುದಿಲ್ಲ. 'ನಾಟ್ ನಲ್', ಡೀಫಾಲ್ಟ್ ಇತ್ಯಾದಿ ಏನಿದೆಯೋ ಅದನ್ನು ಪ್ರತಿ ಸಲ ಮತ್ತೆ ಬರೆಯಬೇಕು, ಬಿಟ್ಟರೆ ಬಿದ್ದುಹೋಗುತ್ತದೆ. ಎಲ್ಲ ಮುಗಿದ ಮೇಲೆ ಡಿಬಿ ಚಾರ್‌ಸೆಟ್ ಅನ್ನು ಯುಟಿಎಫ್8ಎಂಬಿ4 ಮಾಡಿ. ಮೊದಲು ಡೇಟಾಬೇಸಿನ ಒಂದು ನಕಲು ಮಾಡಿಕೊಂಡು ಅದರ ಮೇಲೆ ಪ್ರಯೋಗ ಮಾಡಿ ನೋಡಿ.

ಇನ್ನೊಂದು ಮಾತು. ಗಜಿಬಿಜಿಯನ್ನು ಕಾಪಿ ಮಾಡಿ ವಿಂಡೋಸ್‌ನ ಯಾವುದೋ ಎಡಿಟರ್‌ನಲ್ಲಿ ಸರಿಮಾಡಲು ಹೋಗಬೇಡಿ. ನಮ್ಮ ಹಲಂತ ಚಿಹ್ನೆ ಇದೆಯಲ್ಲ, ಒತ್ತಕ್ಷರ ಕೂಡಿಸುವ '್', ಅದರ ಕೊನೆಯ ಬೈಟ್ 8ಡಿ. ವಿಂಡೋಸ್-1252 ಅನ್ನುವ ಅಕ್ಷರ ಪಟ್ಟಿಯಲ್ಲಿ ಆ ಸ್ಥಾನ ಖಾಲಿ. ಮೈಎಸ್‌ಕ್ಯುಎಲ್ ಅದನ್ನು ಜೋಪಾನ ಮಾಡುತ್ತದೆ, ಬೇರೆ ಎಷ್ಟೋ ಸಾಧನಗಳು ಎಸೆದುಬಿಡುತ್ತವೆ. ಆಮೇಲೆ 'ಕ', 'ಮ' ಎಲ್ಲ ವಾಪಸ್ ಬಂದರೂ 'ಅಮ್ಮ', 'ಅಜ್ಜಿ', 'ಅಕ್ಕಿ' ಒಂದೂ ಸರಿಯಾಗಿ ಬರುವುದಿಲ್ಲ. ಡಂಪ್ ಫೈಲ್‌ನಲ್ಲಿ ಹುಡುಕಿ ಬದಲಿಸುವುದೂ ಬೇಡ. ವಿಜೆಟ್ ಸೆಟ್ಟಿಂಗ್‌ಗಳು ಬೈಟ್ ಉದ್ದದ ಸಮೇತ ಸೀರಿಯಲೈಸ್ ಆಗಿ, ಅಂದರೆ ಒಂದೇ ಪಠ್ಯವಾಗಿ ಜೋಡಿಸಿ ಇಟ್ಟಿರುತ್ತವೆ, ಉದ್ದ ತಪ್ಪಿದರೆ ವಿಜೆಟ್ ಮಾಯ.

ಕಡಲ ತಡಿ:

ಎರಡನೇ ತೊಂದರೆಗೆ ನಾನು ಹೇಳುತ್ತೇನೆ. 1 ಜಿಬಿಯಲ್ಲಿ ಇದು ಮಾಮೂಲಿ. ಕರ್ನಲ್ ಲಾಗ್‌ನಲ್ಲಿ 'ಔಟ್ ಆಫ್ ಮೆಮೊರಿ' ಅಂತ ಹುಡುಕಿ, ಅದರ ಪಕ್ಕದಲ್ಲೇ ಮೈಎಸ್‌ಕ್ಯುಎಲ್‌ಡಿ ಹೆಸರು ಇದ್ದರೆ ಅನುಮಾನವೇ ಬೇಡ. ಮೆಮೊರಿ ಮುಗಿದಾಗ ಕರ್ನಲ್ ಸಾಮಾನ್ಯವಾಗಿ ಜಾಸ್ತಿ ತಿಂದವರನ್ನೇ ಕೊಲ್ಲುತ್ತದೆ, ಅದು ಹೆಚ್ಚಾಗಿ ಡೇಟಾಬೇಸ್.

2 ಜಿಬಿ ಸ್ವಾಪ್ ಫೈಲ್ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಮಾಡಿ, ಎಫ್‌ಎಸ್‌ಟ್ಯಾಬ್‌ಗೂ ಸೇರಿಸಿ, ಇಲ್ಲದಿದ್ದರೆ ರೀಬೂಟ್ ಆದಾಗ ಹೋಗುತ್ತದೆ. ಮೈಎಸ್‌ಕ್ಯುಎಲ್‌ನ ಪರ್ಫಾರ್ಮೆನ್ಸ್ ಸ್ಕೀಮಾ (ಒಳಗಿನ ಕೆಲಸದ ಲೆಕ್ಕ ಇಡುವ ಭಾಗ) ಆಫ್ ಮಾಡಿ, ಇಷ್ಟು ಸಣ್ಣ ಬ್ಲಾಗ್‌ಗೆ ಅದು ಬೇಡ. ಪಿಎಚ್‌ಪಿ-ಎಫ್‌ಪಿಎಂನಲ್ಲಿ ಮ್ಯಾಕ್ಸ್ ಚಿಲ್ಡ್ರನ್ (ಒಟ್ಟಿಗೆ ಎಷ್ಟು ಪಿಎಚ್‌ಪಿ ಪ್ರಕ್ರಿಯೆ ಓಡಬಹುದು ಅನ್ನುವ ಮಿತಿ) ಎಷ್ಟಿದೆ ನೋಡಿ, 5ಕ್ಕಿಂತ ಜಾಸ್ತಿ ಇದ್ದರೆ ಇಳಿಸಿ. ಆದರೆ ಇದಷ್ಟೇ ಮಾಡಿ ಸುಮ್ನೆ ಕೂರಬೇಡಿ. ರಾತ್ರಿ ಹೊತ್ತು ಓದುಗರು ಕಡಿಮೆ ಅಲ್ವಾ, ಮತ್ತೆ ಮೆಮೊರಿ ತಿನ್ನುತ್ತಿರುವವರು ಯಾರು? ಎಂಜಿನ್‌ಎಕ್ಸ್‌ನ ಆ್ಯಕ್ಸೆಸ್ ಲಾಗ್ ತೆರೆದು, ನಿಂತ ಹೊತ್ತಿನ ಸಾಲುಗಳನ್ನು ನೋಡಿ. ಎಕ್ಸ್‌ಎಂಎಲ್‌ಆರ್‌ಪಿಸಿ ಡಾಟ್ ಪಿಎಚ್‌ಪಿ (ಹೊರಗಿನ ಆ್ಯಪ್‌ಗಳು ಬ್ಲಾಗ್ ಜೊತೆ ಮಾತಾಡುವ ದಾರಿ) ಫೈಲ್‌ಗೆ ಪೋಸ್ಟ್ ರಿಕ್ವೆಸ್ಟ್‌ಗಳ ಮಳೆ ಇರುತ್ತದೆ ಅಂತ ನನ್ನ ಊಹೆ.

ಸಂಪಿಗೆಮರ:

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಲ್ಯಾಟಿನ್1 ಅಂತ ಬರೆದು ಪುಟ ರಿಫ್ರೆಶ್ ಮಾಡಿದ ತಕ್ಷಣ ಕಳಲೆ ಪಲ್ಯ, ಪತ್ರೊಡೆ ಎಲ್ಲ ಒತ್ತಕ್ಷರ ಸಮೇತ ವಾಪಸ್ ಬಂತು. ನಕಲಿನ ಮೇಲೆ ಬ್ಲಾಬ್ ದಾರಿಯೂ ಕೆಲಸ ಮಾಡಿತು, ನಾಳೆ ಅಸಲಿಗೆ ಮಾಡುತ್ತೇನೆ.

ಕರ್ನಲ್ ಲಾಗ್‌ನಲ್ಲಿ ಮೈಎಸ್‌ಕ್ಯುಎಲ್‌ಡಿ ಸತ್ತ ದಾಖಲೆ ಸಿಕ್ಕಿತು. ಆ್ಯಕ್ಸೆಸ್ ಲಾಗ್‌ನಲ್ಲೂ ನೀವು ಹೇಳಿದ ಫೈಲೇ, ಪುಟಗಟ್ಟಲೆ. ಅದನ್ನು ಮುಚ್ಚಿದರೆ ಏನಾದರೂ ತೊಂದರೆ ಆಗುತ್ತದಾ? ಪ್ರಶ್ನಾರ್ಥಕ ಆದ ಹೊಸ ಬರಹಗಳಲ್ಲಿ ಒಂದರ ಶೀರ್ಷಿಕೆ ಏನಿತ್ತು ಅಂತಲೂ ನೆನಪಾಗುತ್ತಿಲ್ಲ.

ಕಡಲ ತಡಿ:

ಜೆಟ್‌ಪ್ಯಾಕ್ ಪ್ಲಗಿನ್ ಅಥವಾ ಫೋನ್‌ನ ವರ್ಡ್‌ಪ್ರೆಸ್ ಆ್ಯಪ್ ಬಳಸದಿದ್ದರೆ ಧಾರಾಳವಾಗಿ ಮುಚ್ಚಿ. ಎಂಜಿನ್‌ಎಕ್ಸ್ ಕಾನ್ಫಿಗ್‌ನಲ್ಲಿ ಆ ಫೈಲ್‌ಗೆ ಮಾತ್ರ ಸಮ ಚಿಹ್ನೆ ಹಾಕಿದ ಲೊಕೇಶನ್ ಬ್ಲಾಕ್ ಬರೆದು 'ಡಿನೈ ಆಲ್' ಹಾಕಿ. ಎಂಜಿನ್‌ಎಕ್ಸ್ ಮಟ್ಟದಲ್ಲೇ 403 (ಪ್ರವೇಶವಿಲ್ಲ) ಸಿಕ್ಕಿದರೆ ಪಿಎಚ್‌ಪಿ ಏಳುವುದೇ ಇಲ್ಲ. ಪ್ಲಗಿನ್ ಹಾಕಿ ತಡೆದರೆ ಪ್ರತಿ ಸಲ ವರ್ಡ್‌ಪ್ರೆಸ್ ಲೋಡ್ ಆಗಿಯೇ ತಡೆಯಬೇಕು, ಮೆಮೊರಿ ಉಳಿಯುವುದಿಲ್ಲ.

ಬೈಟು ಕಾಫಿ:

ಶೀರ್ಷಿಕೆಗೆ ಲಿಂಕ್ ನೋಡಿ. ಕರಡಾಗಿ ಉಳಿಸಿಕೊಳ್ಳದೆ ನೇರವಾಗಿ ಪ್ರಕಟಿಸಿದ್ದರೆ, ಶೀರ್ಷಿಕೆ ಡೇಟಾಬೇಸ್‌ಗೆ ಹೋಗುವ ಮುಂಚೆಯೇ ಅದರಿಂದ ಲಿಂಕ್ ತಯಾರಾಗಿರುತ್ತದೆ, ಅಲ್ಲಿ ಕನ್ನಡ ಉಳಿದಿರಬಹುದು. ಪೂರ್ತಿ ಸಿಗದೆಯೂ ಇರಬಹುದು. ಆ ಕಾಲಂಗೆ 200 ಅಕ್ಷರ ಮಿತಿ, ಲಿಂಕ್‌ನಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 9 ಸ್ಥಾನ ಬೇಕು, ಅಲ್ಲಿಗೆ 22 ಸಂಕೇತ. ಒತ್ತು, ಗುಣಿತ ಎಲ್ಲ ಲೆಕ್ಕಕ್ಕೆ ಬರುತ್ತವೆ, 'ಸ್ತ್ರೀ' ಒಂದೇ 6 ತಿನ್ನುತ್ತದೆ. ಮುಂದೆ ಶೀರ್ಷಿಕೆ ಉದ್ದ ಇದ್ದರೆ ಲಿಂಕ್ ಅನ್ನು ನೀವೇ ಚಿಕ್ಕದಾಗಿ ಬರೆದುಬಿಡಿ.

ನಾಳೆ ಅಸಲಿಗೆ ಮಾಡುವಾಗ ಬರೀ ಪೋಸ್ಟ್ ಟೇಬಲ್ ಮಾಡಿ ನಿಲ್ಲಿಸಬೇಡಿ. ಕಾಮೆಂಟ್ ಬರೆದವರ ಹೆಸರು ಟೈನಿಟೆಕ್ಸ್ಟ್, ಅದಕ್ಕೆ ಟೈನಿಬ್ಲಾಬ್. ವಿಭಾಗ, ಟ್ಯಾಗ್‌ಗಳ ಹೆಸರು ಟರ್ಮ್ಸ್ ಟೇಬಲ್‌ನಲ್ಲಿವೆ. ಆಪ್ಶನ್ಸ್ ಟೇಬಲ್‌ನಲ್ಲಿ ಬ್ಲಾಗಿನ ಹೆಸರೇ ಇದೆ.