ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245 ಕಾರು: 8.5ಜೆ ಇಟಿ45 ಚಕ್ರ ಕೂರುತ್ತಾ?

ನಂದಿತಿರುವು, ಚಿಕ್ಕಬಳ್ಳಾಪುರ:
ಕಂಪನಿ ಚಕ್ರ 7.5ಜೆ (ರಿಮ್ ಅಗಲ, ಇಂಚಿನಲ್ಲಿ), ವ್ಯಾಸ 18 ಇಂಚು, ಇಟಿ51 (ರಿಮ್ಮಿನ ನಡುಗೆರೆಯಿಂದ ಕಾರಿಗೆ ಕೂರುವ ಮುಖಕ್ಕಿರುವ ದೂರ, ಮಿ.ಮೀ.). ಟೈರ್ 225/40 ಆರ್18 (ಅಗಲ 225 ಮಿ.ಮೀ., ಗೋಡೆಯ ಎತ್ತರ ಅದರ ಶೇ. 40). 8.5ಜೆ ಇಟಿ45 ಅಲಾಯ್‌ಗೆ 235/40 ಹಾಕಿದರೆ ಬಾಡಿಗೆ ಉಜ್ಜುತ್ತಾ? ಸ್ಪ್ರಿಂಗ್ ಕಂಪನಿಯದ್ದೇ. ಓಡಾಟ ನಂದಿ ಬೆಟ್ಟದ ತಿರುವು, ಹಳ್ಳಿ ಹಂಪ್‌ಗಳು.

ಗಾಲಿಲೆಕ್ಕ:
ಲೆಕ್ಕ ಹಾಕೋಣ. ರಿಮ್ 1 ಇಂಚು ಅಗಲವಾದರೆ ಎರಡೂ ಕಡೆ 12.7 ಮಿ.ಮೀ. ಬೆಳೆಯುತ್ತೆ. ಇಟಿ 6 ಇಳಿದರೆ ಇಡೀ ಚಕ್ರ 6 ಮಿ.ಮೀ. ಹೊರಗೆ ಸರಿಯುತ್ತೆ. ಅಂದರೆ ರಿಮ್ಮಿನ ಹೊರ ಅಂಚು 18.7 ಮಿ.ಮೀ. ಹೊರಗೆ, ಒಳ ಅಂಚು 6.7 ಮಿ.ಮೀ. ಸ್ಟ್ರಟ್‌ಗೆ (ಸಸ್ಪೆನ್ಷನ್ ಕಂಬ) ಹತ್ತಿರ. ಹಿಂದಿನ ಸೀಟು ತುಂಬಿಸಿ ಹಂಪ್ ಇಳಿದಾಗ ಹಿಂದಿನ ಫೆಂಡರ್ ಅಂಚಿಗೆ ತಾಗುವ ಅಪಾಯವಿದೆ. ನನ್ನ ಆಯ್ಕೆ 8ಜೆ ಇಟಿ50: ಹೊರಗೆ 7.4, ಒಳಗೆ 5.4 ಅಷ್ಟೇ. 235/40 ಟೈರಿನ ವ್ಯಾಸ 637ರಿಂದ 645 ಮಿ.ಮೀ., ಶೇ. 1.3 ಹೆಚ್ಚು, ತೊಂದರೆಯಿಲ್ಲ. ಕೊಳ್ಳುವ ಮುಂಚೆ ಒಂದು ಚಕ್ರ ಕೂರಿಸಿ, ಸ್ಟೀರಿಂಗ್ ಎರಡೂ ತುದಿಗೆ ತಿರುಗಿಸಿ ನೋಡಿ.

ಬೋಲ್ಟುನಟ್ಟು, ತುಮಕೂರು:
ಪಿಸಿಡಿ 5×112 (5 ಬೋಲ್ಟು, ಅವು ಕೂರುವ ವೃತ್ತದ ವ್ಯಾಸ 112 ಮಿ.ಮೀ.) ಹೊಂದಿದರೆ ಮುಗೀತು ಅಂದುಕೊಳ್ಳಬೇಡಿ. ಹಬ್ (ಚಕ್ರದ ನಡು ರಂಧ್ರ ಕೂರುವ ಗುಬ್ಬಿ) 57.1 ಮಿ.ಮೀ.; ರಿಮ್ಮಿನ ರಂಧ್ರ ದೊಡ್ಡದಿದ್ದರೆ ಸರಿಯಾದ ಹಬ್ ರಿಂಗ್ ಹಾಕಿಸಿ, ಇಲ್ಲದಿದ್ದರೆ ವೇಗದಲ್ಲಿ ಸ್ಟೀರಿಂಗ್ ನಡುಗಬಹುದು. ಕಂಪನಿ ಬೋಲ್ಟಿನ ತಲೆಯಡಿ ಗುಂಡು, ಹೊರಗಿನ ಅಲಾಯ್‌ಗಳಿಗೆ ಸಾಮಾನ್ಯವಾಗಿ 60 ಡಿಗ್ರಿ ಕೋನ್ (ಶಂಕು ಆಕಾರ) ಬೇಕು. ಬೆರೆಸಿದರೆ ಸಡಿಲಾಗುತ್ತೆ, ಇದು ಜೀವದ ಪ್ರಶ್ನೆ. ಬೋಲ್ಟು ಬಿಗಿಸುವ ಟಾರ್ಕ್ 120 ಎನ್‌ಎಂ, 50–100 ಕಿ.ಮೀ. ಓಡಿದ ಮೇಲೆ ಮತ್ತೆ ಪರೀಕ್ಷಿಸಿ.

ಗಾಲಿಲೆಕ್ಕ:
19 ಇಂಚಿನ ಚಕ್ರ ಬೇಡವೇ ಬೇಡ. ಅದಕ್ಕೆ ಹಾಕುವ 235/35ರಲ್ಲಿ ಟೈರಿನ ಗೋಡೆ 82 ಮಿ.ಮೀ., 235/40 ಆರ್18ರಲ್ಲಿ 94. ಗೋಡೆ ಕಮ್ಮಿಯಾದಾಗಲೇ ಗುಂಡಿಗೆ ಬಿದ್ದರೆ ರಿಮ್ ಸೊಟ್ಟಗಾಗೋದು.